ತೌಡಿನ ಲೆಕ್ಕ

ಬಿ.ಎಡ್. ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾವ ವಿಷಯ ಸಿಕ್ಕರೂ ಅದಕ್ಕೊಂದು ಪಾಠ ಟಿಪ್ಪಣಿ ಬರೆಯದೆ ಸಮಾಧಾನವಾಗುವುದಿಲ್ಲ. ಉದ್ದೇಶ, ಪೂರ್ವಜ್ಞಾನ, ಪಾಠೋಪಕರಣ, ಚಟುವಟಿಕೆ, ಕೊನೆಗೆ ಮೌಲ್ಯಮಾಪನ. ಹೋಬಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡು, ಉಳಿದ ಹೊತ್ತಿನಲ್ಲಿ ಅಪ್ಪ ಬಿಟ್ಟುಹೋದ ಒಂದಿಷ್ಟು ಕಾಫಿ ತೋಟ ನೋಡಿಕೊಂಡಿರುವ ನನಗೆ ಈ ಕಾಯಿಲೆ ಸ್ವಲ್ಪ ಜಾಸ್ತಿ. ಹೆಂಡತಿ ಎರಡನೇ ಸಲ ಬಸುರಿ ಎಂದು ತಿಳಿದಾಗ, ನಾಲ್ಕು ವರ್ಷದ ಮಗಳನ್ನು ಹೊಸ ಕೂಸಿಗೆ ತಯಾರು ಮಾಡುವ ಕೆಲಸವನ್ನು ಯಾರೂ ಹೇಳದಿದ್ದರೂ ನಾನೇ ಮೈಮೇಲೆ ಎಳೆದುಕೊಂಡೆ.

“ರೀ, ಸುಮ್ನಿರಿ. ಅವಳಿಗೆ ಗೊತ್ತಾಗೋದು ತಾನಾಗೇ ಗೊತ್ತಾಗುತ್ತೆ” ಅಂದಳು ನಮ್ಮವಳು. ಅನುಪಮಾ ನಿರಂಜನರ ‘ತಾಯಿ–ಮಗು’ ಪುಸ್ತಕವನ್ನು ಮೊದಲ ಬಾಣಂತನದ ಹೊತ್ತಿಗೇ ಓದಿ ಮುಗಿಸಿದವಳು ಅವಳು. ನಾನು ಅದನ್ನು ಕಪಾಟಿನಲ್ಲಿ ಜರುಗಿಸಿದ್ದುಂಟು, ತೆರೆದದ್ದಿಲ್ಲ. ಮಕ್ಕಳಿಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದೇನಿದೆ ಎಂಬ ಠೇಂಕಾರ.

ಪಾಠ ಶುರುವಾಯಿತು. ಅಮ್ಮನ ಹೊಟ್ಟೆಗೆ ಕಿವಿ ಇಡಿಸಿದೆ. ಮಗಳ ಹಳೇ ಕುಲಾವಿ, ಸ್ವೆಟರ್ರುಗಳನ್ನು ಟ್ರಂಕಿನಿಂದ ತೆಗೆಸಿ “ಇದೆಲ್ಲ ಪಾಪುಗೆ ಕೊಡೋಣ್ವಾ?” ಎಂದು ಕೇಳಿದೆ. ಅವಳು ಅವನ್ನೆಲ್ಲ ಒಂದೊಂದಾಗಿ ತಾನೇ ತೊಡಲು ನೋಡಿದಳು. ತಲೆ ತೂರದಿದ್ದ ಸ್ವೆಟರನ್ನು ಮಾತ್ರ ಕೊಡಲು ಒಪ್ಪಿದಳು. ಅಂಗನವಾಡಿಯಲ್ಲೂ ಒಂದು ಪೇಚಾಯಿತು. 2017ರ ಗಾಂಧಿ ಜಯಂತಿಯಂದು ನಮ್ಮ ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ. ತಾನು ಆಡುವ ಜಾಗಕ್ಕೆ ಅಮ್ಮ ಬಂದು, ತನ್ನದೇ ಚಾಪೆ ಪಕ್ಕ ಕೂತು ಉಣ್ಣುವುದನ್ನು ನೋಡಿ ಮಗಳು ಮೊದಲು ಕುಣಿದಳು. ಅದು ಹೊಟ್ಟೆಯೊಳಗಿನ ಪಾಪುಗೋಸ್ಕರ ಕೊಡುವ ಊಟ ಎಂದು ನಾನು ವಿವರಿಸಿದ ಮೇಲೆ, “ಹಂಗಾದ್ರೆ ಅಮ್ಮನ ಮೊಟ್ಟೆ ಅದು ತಿಂತಾ ಅದಾ?” ಎಂದು ಕೇಳಿ, ಅಂದಿನಿಂದ ಅಮ್ಮನ ತಟ್ಟೆಯನ್ನೇ ಕಾಯತೊಡಗಿದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಹಾಸನಕ್ಕೆ ಸ್ಕ್ಯಾನಿಂಗಿಗೆ ಹೋದಾಗ ಅವಳನ್ನೂ ಕರೆದುಕೊಂಡು ಹೋದೆವು. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎನ್ನುವ ಬೋರ್ಡು. 1994ರ ಕಾಯ್ದೆಯ ಪ್ರಕಾರ ಎಲ್ಲ ಕಡೆ ಹಾಕಲೇಬೇಕಾದದ್ದು. ಆ ಬೋರ್ಡಿನ ಕೆಳಗೇ ಕೂತಿದ್ದ ಯಾರೋ ಅಜ್ಜಿ ನಮ್ಮ ಹುಡುಗಿಯನ್ನು “ನಿಂಗೆ ತಮ್ಮ ಬೇಕಾ, ತಂಗಿ ಬೇಕಾ ಕೂಸೇ?” ಎಂದು ವಿಚಾರಿಸಿದರು. ಊರಲ್ಲೂ ಸಿಕ್ಕಿದವರೆಲ್ಲ ಕೇಳುತ್ತಿದ್ದದ್ದು ಇದನ್ನೇ. ಆಯ್ಕೆ ಅವಳ ಕೈಯಲ್ಲಿದೆ ಎಂಬಂತೆ ಕೇಳುವುದು, ಅವಳು ಏನು ಹೇಳಿದರೂ ನಗುವುದು. ನನ್ನದು ಇನ್ನೊಂದು ಬಗೆಯ ಸುಳ್ಳು. “ಆಡೋಕೆ ಜೊತೆ ಬರುತ್ತೆ ನಿಂಗೆ” ಎಂದು ದಿನಾ ಹೇಳುತ್ತಿದ್ದೆ. ಹುಟ್ಟಿದ ಕೂಸು ಆರು ತಿಂಗಳು ಮಲಗಿದಲ್ಲೇ ಇರುತ್ತದೆ ಎಂಬುದು ಒಂದು ಮಗುವಿನ ಅಪ್ಪನಾದ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಪಾಠದ ಮುಕುಟಮಣಿ ಮಂಕನಹಳ್ಳಿಯ ಕಲ್ಲು. ಬಿಸಿಲೆ ಕಡೆ ಬಂದವರು ಸಾಮಾನ್ಯವಾಗಿ ಬ್ಯೂಟಿ ಸ್ಪಾಟಿಗೆ ಹೋಗಿ, ಕುಮಾರಪರ್ವತದ ಎದುರು ನಿಂತು ಫೋಟೋ ತೆಗೆಸಿಕೊಂಡು, ಹಾಗೇ ಘಾಟಿ ಇಳಿದು ಸುಬ್ರಹ್ಮಣ್ಯದ ದಾರಿ ಹಿಡಿಯುತ್ತಾರೆ. ಮಂಕನಹಳ್ಳಿಯ ಕಲ್ಲು ನೋಡುವವರು ಕಡಿಮೆ. ಬ್ರಿಟಿಷರ ಕಾಲದ್ದೆನ್ನುವ ಕಂಬ. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಎಂದು ಇಂಗ್ಲಿಷಿನಲ್ಲಿ ಕೊರೆದಿದೆ. ಕಲ್ಲಿನ ಮೂಡಲಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಗೊರೂರು ಅಣೆಕಟ್ಟು ದಾಟಿ, ಕಾವೇರಿಯಾಗಿ ತಮಿಳುನಾಡಿನ ಕಡೆ ಹೊರಡುತ್ತದೆ. ಪಡುವಲಿಗೆ ಬಿದ್ದದ್ದು ಕುಮಾರಧಾರೆಗಿಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿಗೆ. ಜಲವಿಭಜಕ ಹೇಳುವಾಗ ಪ್ರತಿ ವರ್ಷ ಎಂಟನೇ ಕ್ಲಾಸಿನವರಿಗೆ ಈ ಕಲ್ಲಿನ ಕತೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡವನು ನಾನು. ಇದಕ್ಕಿಂತ ಒಳ್ಳೆಯ ಪಾಠೋಪಕರಣ ಎಲ್ಲಿದೆ?

ಮೇ ತಿಂಗಳ ಒಂದು ಸಂಜೆ ಬೈಕಿನ ಮುಂದೆ ಕೂರಿಸಿಕೊಂಡು ಹೋಗಿ ಅವಳನ್ನು ಕಲ್ಲಿನ ಪಕ್ಕ ನಿಲ್ಲಿಸಿದೆ. “ನೋಡು ಪುಟ್ಟಿ, ಮಳೆ ಒಂದೇ. ಇಲ್ಲಿ ಬಿದ್ದಿದ್ದು ಆ ಕಡೆಗೂ ಹೋಗುತ್ತೆ, ಈ ಕಡೆಗೂ ಹೋಗುತ್ತೆ. ಎರಡೂ ಕಡೆ ತುಂಬ ನೀರು. ಅಪ್ಪಾಜಿ ಅಮ್ಮನ ಪ್ರೀತಿನೂ ಹಂಗೇ. ನಿಂಗೂ ಅಷ್ಟೇ, ಪಾಪುಗೂ ಅಷ್ಟೇ.”

ಅವಳು ಕಲ್ಲಿನ ಈ ಬದಿ ನೋಡಿದಳು, ಆ ಬದಿಗೆ ಹೋಗಿ ನೋಡಿ ಬಂದಳು. ನನಗೆ ಒಳಗೊಳಗೇ ಹಿಗ್ಗು. ಆಮೇಲೆ ಕೇಳಿದಳು: “ಅಪ್ಪಾಜಿ, ಆ ಕಡೆ ಹೋದ ನೀರು ಮತ್ತೆ ಈ ಕಡೆ ಬತ್ತದಾ?”

ಭೂಗೋಳದ ಮೇಷ್ಟ್ರು ಸುಳ್ಳು ಹೇಳುವ ಹಾಗಿಲ್ಲ. “ಇಲ್ಲ” ಅಂದೆ.

“ಯಾವತ್ತೂ?”

“ಯಾವತ್ತೂ ಇಲ್ಲ.”

ಮನೆ ಮುಟ್ಟುವವರೆಗೆ ಅವಳು ಮಾತಾಡಲಿಲ್ಲ. ಪಾಠ ಮನಸ್ಸಿಗೆ ಇಳಿಯುತ್ತಿದೆ ಎಂದುಕೊಂಡೆ. ಇಳಿದದ್ದೇನೋ ನಿಜ.

ಇದಾದ ಸ್ವಲ್ಪ ದಿನಕ್ಕೆ ಮನೆಯಲ್ಲಿ ದೇವರ ಕಾರ್ಯ. ನೆಂಟರಿಷ್ಟರು ಸೇರಿದ್ದರು. ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾಗ ನನ್ನ ಚಿಕ್ಕಪ್ಪ ಮಗಳನ್ನು ಹತ್ತಿರ ಎಳೆದುಕೊಂಡು, ನಮ್ಮಲ್ಲಿ ಪ್ರತಿಯೊಂದು ಮಗುವೂ ಒಂದಲ್ಲ ಒಂದು ದಿನ ಕೇಳಲೇಬೇಕಾದ ಮಾತನ್ನು ಹೇಳಿದರು. “ನಿನ್ನ ಇವ್ರು ಹೆತ್ತಿದ್ದಲ್ಲ ಕಣವ್ವಾ. ಶನಿವಾರಸಂತೇಲಿ ಒಂದು ಮೂಟೆ ತೌಡು ಕೊಟ್ಟು ತಂದಿದ್ದು.”

ಎಲ್ಲರೂ ನಕ್ಕರು. ಮಗಳು ನನ್ನ ಮುಖ ನೋಡಿದಳು. ಆಗ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಆದರೆ ಜಗಲಿ ತುಂಬ ಜನ, ಹೊಟ್ಟೆ ತುಂಬ ಹೋಳಿಗೆ. “ಒಂದು ಮೂಟೆ ಎಲ್ಲಿ ಬಂತು ಚಿಕ್ಕಪ್ಪ, ಚೌಕಾಸಿ ಮಾಡಿ ಅರ್ಧ ಮೂಟೆಗೆ ಇಳಿಸಿದ್ವಿ” ಅಂದೆ. ನಗು ಇನ್ನೂ ಜೋರಾಯಿತು. ಆ ಮೂಲೆಯಿಂದ ಇನ್ಯಾರೋ, “ಈಗ ಹೊಸದು ಬತ್ತಾ ಅದಲ್ಲ, ಹಳೇದ್ನ ವಾಪಸ್ ಕೊಟ್ಟು ತೌಡು ಇಸ್ಕಂಡ್ ಬಂದ್ರಾಯ್ತು ಬಿಡು” ಎಂದು ಪೂರ್ತಿ ಮಾಡಿದರು. ಮಗಳೂ ನಕ್ಕಳು. ಅವಳು ನಕ್ಕಳಲ್ಲ, ಅದೇ ನನಗೆ ಮೋಸ ಮಾಡಿದ್ದು.

ಚೊಚ್ಚಲ ಹೆರಿಗೆ ಪದ್ಧತಿಯಂತೆ ತವರಲ್ಲಿ ಆಗಿತ್ತು. ಎರಡನೆಯದಕ್ಕೆ ಆ ಕಟ್ಟಳೆ ಇಲ್ಲ. ಆದರೂ ನಮ್ಮವಳನ್ನು ಆರಿದ್ರೆ ಮಳೆ ಹಿಡಿಯುವ ಮುಂಚೆಯೇ ಆಲೂರಿಗೆ, ಅವಳ ತವರಿಗೆ ಸೇರಿಸಬೇಕೆಂದು ತೀರ್ಮಾನವಾಯಿತು. ಅಲ್ಲಿಂದ ಹಾಸನ ಹತ್ತಿರ. ನಮ್ಮೂರಲ್ಲಿ ಜೂನ್ ಕೊನೆಯಿಂದ ಯಾವ ರಾತ್ರಿ ರಸ್ತೆಗೆ ಮರ ಬೀಳುತ್ತದೆ, ಯಾವ ತಿರುವಿನಲ್ಲಿ ಆನೆ ನಿಂತಿರುತ್ತದೆ, ಕರೆಂಟು ಹೋದ ಮೇಲೆ ಫೋನಿಗೆ ಸಿಗ್ನಲ್ ಎಷ್ಟು ಹೊತ್ತು ಇರುತ್ತದೆ ಎಂದು ಹೇಳಲು ಬರುವುದಿಲ್ಲ. 2008ರಿಂದ 108 ಆಂಬುಲೆನ್ಸ್ ಇದೆ, ನಿಜ. ಕರೆಯಲು ಸಿಗ್ನಲ್ ಬೇಕು, ಬರಲು ರಸ್ತೆ ಬೇಕು.

ಮಗಳನ್ನೂ ಜೊತೆಗೆ ಕಳಿಸಬಹುದಿತ್ತು. ನಮ್ಮವಳು ಕೇಳಿದಳು ಕೂಡ. ಬೇಡ ಅಂದವನು ನಾನು. ಅಮ್ಮನನ್ನು ಬಿಟ್ಟಿರುವ ಅಭ್ಯಾಸವಾಗಲಿ, ಕೂಸು ಬಂದ ಮೇಲೆ ಸುಲಭವಾಗುತ್ತದೆ ಎನ್ನುವುದು ನನ್ನ ಪಾಠ ಟಿಪ್ಪಣಿಯ ಮುಂದಿನ ಘಟಕ. ಎದ್ದಿದ್ದರೆ ರಂಪ ಮಾಡುತ್ತಾಳೆಂದು ಬೆಳಗಿನ ಜಾವ, ಅವಳು ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದಾಗಲೇ ಹೊರಟೆವು. ನಾನು ಮಧ್ಯಾಹ್ನ ಒಬ್ಬನೇ ವಾಪಸ್ ಬಂದೆ. ಅಂಗಳದಲ್ಲಿ ನಿಂತಿದ್ದಳು.

“ಅಮ್ಮ ಎಲ್ಲಿ?”

“ಸಂತೆಗೆ ಹೋಗಿದಾಳೆ ಪುಟ್ಟಿ. ಪಾಪು ತರಕ್ಕೆ.”

ಅವಳು ಅಳಲಿಲ್ಲ. ರಾತ್ರಿ ಫೋನಿನಲ್ಲಿ ಹೆಂಡತಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ: “ನೋಡಿದ್ಯಾ? ಒಂದು ಹನಿ ಕಣ್ಣೀರಿಲ್ಲ.” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅವಳು, “ಅಳ್ಲಿಲ್ವಾ?” ಎಂದಷ್ಟೇ ಕೇಳಿದಳು.

ಬಿಟ್ಟುಹೋಗಿದ್ದ ಅಭ್ಯಾಸಗಳು ಒಂದೊಂದಾಗಿ ಮರಳಿದವು. ರಾತ್ರಿ ಹಾಸಿಗೆ ಒದ್ದೆ. ಲೋಟದಲ್ಲಿ ಹಾಲು ಕುಡಿಯುತ್ತಿದ್ದವಳು ಬಾಟಲಿಯೇ ಬೇಕು ಅಂದಳು. ನಾನು ಗದರಿದೆ. ನಮ್ಮವ್ವ ಹುಡುಕಿ ಬಾಟಲಿ ತೊಳೆದುಕೊಟ್ಟರು. “ಸಣ್ಣದಾಯ್ತಾ ಅದೆ ಕಣ್ಲಾ ಅದು. ಆಗ್ಲಿ ಬಿಡು, ತಿರ್ಗಾ ದೊಡ್ಡದಾಯ್ತದೆ” ಅಂದರು. ಟಿಪ್ಪಣಿ ಗಿಪ್ಪಣಿ ಇಲ್ಲದ ಹೆಂಗಸು.

ಈ ನಡುವೆ ತೌಡು ಕಮ್ಮಿಯಾಗತೊಡಗಿತು. ಮನೆಯಲ್ಲಿ ಒಂದು ಕರೆಯುವ ಹಸು. ಗದ್ದೆಯ ಭತ್ತ ಮಿಲ್ ಮಾಡಿಸಿದಾಗ ಬಂದ ತೌಡನ್ನು ಉಗ್ರಾಣದಲ್ಲಿ ಮೂಟೆ ಕಟ್ಟಿಟ್ಟು, ಸಂಜೆ ಕಲಗಚ್ಚಿಗೆ ಒಂದು ಸೇರು ಬೆರೆಸಿ ಇಡುವುದು ಅವ್ವನ ಕೆಲಸ. ಅವರಿಗೆ ಮೂಟೆ ನೋಡಿದರೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಕಣ್ಣಂದಾಜಿನಲ್ಲೇ ಗೊತ್ತು. “ಮೂಟೆ ಇಳೀತಾ ಅದಲ್ಲೋ” ಅಂದರು. ಹೆಗ್ಗಣ ಎಂದು ಬೋನಿಟ್ಟೆ. ಬೋನಿನ ಕೊಬ್ಬರಿ ಹಾಗೇ ಒಣಗಿತು.

ನಮ್ಮ ಕೊಟ್ಟಿಗೆ ಕೆಲಸಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ನನ್ನ ಮದುವೆಗೂ ಮುಂಚಿನಿಂದ ಬರುತ್ತಿದ್ದವರು. ಅವರ ಮನೆಯಲ್ಲೂ ಒಂದು ಹಸು ಇತ್ತು. ಇಷ್ಟು ಸಾಕಾಯಿತು ನನಗೆ. ನೇರವಾಗಿ ಕೇಳುವ ಗಂಡಸುತನವಿಲ್ಲ. ಒಂದು ಬೆಳಿಗ್ಗೆ ಅವರು ಸಗಣಿ ಬಾಚುತ್ತಿದ್ದಾಗ ಕೊಟ್ಟಿಗೆ ಬಾಗಿಲಲ್ಲಿ ನಿಂತು, “ಅಕ್ಕ, ತೌಡು ಯಾಕೋ ಬೇಗ ಖಾಲಿ ಆಗ್ತಿದೆ. ನೀವೂ ಒಂದು ಕಣ್ಣಿಟ್ಟಿರಿ” ಅಂದೆ. ಅಂದದ್ದು ಅಷ್ಟೇ. ಆದರೆ ಅಂದ ಮೇಲೆ ಅವರ ಎದುರಿಗೇ ಹೋಗಿ ಉಗ್ರಾಣಕ್ಕೆ ಹೊಸ ಬೀಗ ಜಡಿದೆ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಅಕ್ಕ ಕೈ ತೊಳೆದು, ಪ್ಲಾಸ್ಟಿಕ್ ಕೊಪ್ಪೆ ತಲೆಗೆ ಹಾಕಿಕೊಂಡು ಮಳೆಯಲ್ಲಿ ಇಳಿದುಹೋದರು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ.

ಬೀಗ ಬಿದ್ದ ಮೇಲೆ ತೌಡು ಕಮ್ಮಿಯಾಗುವುದು ನಿಂತಿತು. ಅನುಮಾನ ರುಜುವಾತಾಯಿತಲ್ಲ ಎಂದು ಅವ್ವನ ಮುಂದೆ ಬೀಗಿದೆ. ಅವ್ವ ಉತ್ತರ ಕೊಡಲಿಲ್ಲ, ಅವತ್ತಿನ ಸಗಣಿಯನ್ನು ತಾವೇ ಬಾಚಿದರು.

ಇರುವೆ ಸಾಲು ಕಾಣಿಸಿದ್ದು ಒಂದು ಮಳೆ ರಜೆಯ ದಿನ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು, ನಾನು ಮನೆಯಲ್ಲಿ ಪೇಪರ್ ಹರಡಿಕೊಂಡು ಕೂತಿದ್ದೆ. ಸಣ್ಣ ಕೆಂಜಿಗಗಳು ನಡುಮನೆಯ ಗೋಡೆ ಬುಡ ಹಿಡಿದು, ಹೊಸಲು ದಾಟಿ, ಅವ್ವನ ಮಂಚದ ಕೆಳಗೆ ಹೋಗುತ್ತಿದ್ದವು. ಟಾರ್ಚು ಹಿಡಿದು ಬಗ್ಗಿದೆ. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ, ಒಂದು ದಿಂಬಿನ ಚೀಲ, ನಾನು ಬಿಸಾಡಿದ್ದ ಹರಿದ ಬ್ಯಾಗು. ಮೂರರಲ್ಲೂ ತೌಡು. ಡಬ್ಬಿಯೊಳಗಿನದು ಇನ್ನೂ ಪುಡಿಪುಡಿಯಾಗಿತ್ತು. ದಿಂಬಿನ ಚೀಲದ್ದು ಮಳೆಯ ತಂಪಿಗೆ ಗಂಟುಕಟ್ಟಿ, ಬಿಳಿ ಬೂಷ್ಟು ಹಿಡಿದು, ಒಳಗೆ ಹುಳ ಆಡುತ್ತಿದ್ದವು. ಚೀಲದ ಬಾಯಿಯನ್ನು ಅವಳ ಜಡೆಯ ಕೆಂಪು ಟೇಪಿನಲ್ಲಿ ಬಿಗಿಯಾಗಿ ಕಟ್ಟಿತ್ತು. ನಾಲ್ಕು ವರ್ಷದ ಕೈ ಹಾಕಿದ ಗಂಟು, ಬಿಚ್ಚಲು ನನಗೇ ಬರಲಿಲ್ಲ.

ಅವಳು ಬಾಗಿಲಲ್ಲಿ ನಿಂತಿದ್ದಳು.

“ಇದೇನೇ ಇದು?”

“ನಂದು.”

“ತೌಡು ಯಾಕೆ ನಿಂಗೆ?”

“ನೀವು ನನ್ನ ವಾಪಸ್ ಕೊಟ್ಬಿಟ್ರೆ, ನಾನೇ ತೌಡು ಕೊಟ್ಟು ಮನೆಗೆ ಬತ್ತೀನಿ.” ಆಮೇಲೆ, ತಪ್ಪು ನನ್ನದೆಂಬಂತೆ ಗದರಿಸುವ ದನಿಯಲ್ಲಿ: “ಅರ್ಧ ಮೂಟೆ ಆಗ್ಲೇ ಇಲ್ಲ. ನೀನು ಬೀಗ ಹಾಕ್ಬಿಟ್ಟೆ.”

ಇಲ್ಲಿ ನಾನು ಮಗಳನ್ನು ತಬ್ಬಿಕೊಂಡೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಡೆದದ್ದು ಹಾಗಲ್ಲ. ಮೊದಲು ನನ್ನ ತಲೆಗೆ ಬಂದದ್ದು, ಇದನ್ನು ನಮ್ಮವಳಿಗೆ ಗೊತ್ತಾಗದ ಹಾಗೆ ಹೇಗೆ ಮುಚ್ಚುವುದು ಎಂಬ ಯೋಚನೆ. ಎರಡನೆಯದಾಗಿ ಕೊಟ್ಟಿಗೆಯ ಅಕ್ಕನ ಮುಖ. ಮಗಳು ಮೂರನೆಯವಳು. ಅವಳನ್ನು ಸಮಾಧಾನ ಮಾಡಲು “ಅದೆಲ್ಲ ತಮಾಷೆಗೆ ಹೇಳಿದ್ದು ಪುಟ್ಟಿ” ಅಂದೆ.

“ಅಮ್ಮ ಸಂತೆಗೆ ಹೋಗಿದ್ದೂ ತಮಾಷೆನಾ?”

ಉತ್ತರ ಇರಲಿಲ್ಲ.

ಮಾರನೇ ದಿನವೂ ರಜೆ ಇತ್ತು. ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಹೆತ್ತೂರು, ಸಕಲೇಶಪುರ, ಆಲೂರು. ಬಿಸ್ಕತ್ತಿನ ಡಬ್ಬಿ ಅವಳ ತೊಡೆಯ ಮೇಲಿತ್ತು. ಬಿಟ್ಟು ಬಾ ಅಂದರೆ ಒಪ್ಪಲಿಲ್ಲ, ನನಗೂ ಒತ್ತಾಯಿಸುವ ಮುಖವಿರಲಿಲ್ಲ. ಕಂಡಕ್ಟರು “ಏನವ್ವ, ಬಿಸ್ಕತ್ ನಂಗಿಲ್ವಾ?” ಅಂದಾಗ ಡಬ್ಬಿಯನ್ನು ಎದೆಗವುಚಿಕೊಂಡಳು.

ಅತ್ತೆ ಮನೆಯಲ್ಲಿ ಅಳಿಯಂದಿರಿಗೆ ಕಾಫಿ ಬಂತು, ಕೋಡುಬಳೆ ಬಂತು. ಡಬ್ಬಿಯಲ್ಲೇನಿದೆ ಎಂದು ಅತ್ತೆ ಕೇಳಿದರು. ಮಗಳು ಮುಚ್ಚಳ ತೆಗೆದು ತೋರಿಸಿದಳು, ಯಾಕೆಂದೂ ಹೇಳಿದಳು, ಸಂತೆ, ಅರ್ಧ ಮೂಟೆ, ಬೀಗ, ಒಂದನ್ನೂ ಬಿಡದೆ. ಮಾವ, ಅತ್ತೆ, ನಾದಿನಿ ಎಲ್ಲರೂ ಮೊದಲು ನಕ್ಕರು. ನಗು ನಡುವೆಯೇ ನಿಂತಿತು, ಯಾಕೆಂದರೆ ನಮ್ಮವಳು ನಗಲಿಲ್ಲ. ನನ್ನ ಕಡೆ ತಿರುಗಿ, “ಸಂತೆಗೆ ಹೋಗಿದೀನಿ ಅಂತ ಹೇಳಿದ್ರಾ?” ಎಂದು ಕೇಳಿದಳು. ಹೌದೆಂದೆ. ತುಂಬಿದ ಬಸುರಿ, ಸೊಂಟ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಮಾವನವರು ಪೇಪರ್ ತೆಗೆದುಕೊಂಡರು. ಕೋಡುಬಳೆಯ ತಟ್ಟೆ ನನ್ನ ಮುಂದೆಯೇ ಇತ್ತು, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರೆ ಆ ಸದ್ದು ಇಡೀ ಮನೆಗೆ ಕೇಳುತ್ತದೆ ಎನ್ನಿಸಿ ಕೈಯಲ್ಲೇ ಹಿಡಿದು ಕೂತೆ.

ಅವಳು ಬಂದಾಗ ಕೈಯಲ್ಲಿ ಮೊದಲ ಹೆರಿಗೆಯ ತಾಯಿ ಕಾರ್ಡಿತ್ತು. ತವರಲ್ಲೇ ಟ್ರಂಕಿನಲ್ಲಿ ಇಟ್ಟುಹೋಗಿದ್ದಳಂತೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತಾ ಹೋದಳು. ಇದು ನೀನು ಹೊಟ್ಟೇಲಿದ್ದಾಗ ಹಾಕಿಸಿಕೊಂಡ ಇಂಜೆಕ್ಷನ್ನು. ಇದು ನೀನು ಹುಟ್ಟಿದ ದಿನ. ಇದು ನಿನ್ನ ತೂಕ. ಅವತ್ತು ಜೋರು ಮಳೆ. ನಾನು ಕೂಗ್ತಾ ಇದ್ದೆ. ನಿಮ್ಮ ಅಪ್ಪಾಜಿ ಹೊರಗೆ ಬೆಂಚಿನ ಮೇಲೆ ನಿದ್ದೆ ಮಾಡ್ತಿದ್ರು, ನೀನು ಅತ್ತ ಮೇಲೆ ಎದ್ರು. (ಇದೂ ನಿಜ.)

ಮಗಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ತೌಡು ಅಂತ ಎಲ್ಲಿ ಬರ್ದಿದೆ?”

“ಎಲ್ಲೂ ಬರೆದಿಲ್ಲ.”

ಕಾರ್ಡು ಅವಳ ಕೈಯಲ್ಲೇ ಉಳಿಯಿತು. ಅವಳೂ ಆಲೂರಲ್ಲೇ ಉಳಿದಳು. ನಾನು ಸಂಜೆ ಬಸ್ಸಿಗೆ ಒಬ್ಬನೇ ಹೊರಟಾಗ ಟಾಟಾ ಮಾಡಿದಳು.

ಕೂಸು ಪುಷ್ಯ ಮಳೆಯಲ್ಲಿ ಬಂತು. ಗಂಡು. ಹತ್ತಿರದಿಂದ ನೋಡಿದ ಮಗಳ ಮೊದಲ ದೂರು, “ಇದು ಆಡಲ್ಲ.” ನಾನು ಬಾಯಿ ಬಿಡುವ ಮುಂಚೆ ನಮ್ಮವಳು ಅಂದಳು: “ಹೂಂ, ಅವನಿಗಿನ್ನೂ ಬರಲ್ಲ. ಕಿಟಕಿ ಬೆಳಕು ಕಣ್ಣಿಗೆ ಹೊಡೀತಿದೆ ನೋಡು, ಹೆಂಗೆ ಮುಖ ಹಿಂಡ್ತಾನೆ. ಏನ್ಮಾಡೋಣ?” ಮಗಳು ಯೋಚಿಸಿ, ತನ್ನ ಅಂಗೈಯನ್ನು ಅವನ ಮುಖಕ್ಕೆ ಮರೆಯಾಗಿ ಹಿಡಿದಳು. ಕೈ ಸೋಲುವವರೆಗೂ ತೆಗೆಯಲಿಲ್ಲ.

ಆಮೇಲೆ ನಾನು ಓದಲು ಶುರುಮಾಡಿದೆ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ತೆಗೆಯುವ ಹುಡುಗರನ್ನು ಕ್ಲಾಸಿನಲ್ಲಿ ಬೈಯುವವನೂ ನಾನೇ. ಇಂಗ್ಲೆಂಡಿನ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬಿಬ್ಬರು ಕೇಂಬ್ರಿಡ್ಜಿನ 40 ಮನೆಗಳಲ್ಲಿ ಎರಡನೇ ಮಗು ಹುಟ್ಟುವ ಮೊದಲಿನಿಂದ ಹಿಡಿದು ಹುಟ್ಟಿದ ಮೇಲೂ ಕೂತು, ದೊಡ್ಡ ಮಗು ಏನು ಮಾಡುತ್ತದೆ, ಅಮ್ಮ ಏನು ಮಾತಾಡುತ್ತಾಳೆ ಎಂದು ಬರೆದಿಟ್ಟವರು. 1982ರಲ್ಲಿ ಅದು ಪುಸ್ತಕವಾಗಿ ಬಂತು. ಹಟ, ಅಳು, ಕಲಿತ ಶೌಚ ಮರೆಯುವುದು ಆ ಮನೆಗಳಲ್ಲೂ ಸಾಮಾನ್ಯವಾಗಿತ್ತು. ಇನ್ನೊಂದನ್ನೂ ಅವರು ಕಂಡರು. ಕೂಸಿಗೂ ಬೇಕು ಬೇಡಗಳಿವೆ, ಅದೂ ಒಬ್ಬ ಮನುಷ್ಯ ಎನ್ನುವ ಹಾಗೆ ಅದರ ಬಗ್ಗೆ ದೊಡ್ಡ ಮಗುವಿನ ಜೊತೆ ಮೊದಲ ವಾರಗಳಲ್ಲೇ ಅಮ್ಮ ಮಾತಾಡಿದ ಮನೆಗಳಲ್ಲಿ, ವರ್ಷ ಕಳೆದ ಮೇಲೆ ಆ ಎರಡು ಮಕ್ಕಳ ನಡುವೆ ಹೆಚ್ಚು ಸ್ನೇಹವಿತ್ತು. ಕಿಟಕಿ ಬೆಳಕಿನ ಮಾತು ನೆನಪಾಗಿ, ಪುಸ್ತಕದ ವಿಷಯವನ್ನು ನಮ್ಮವಳಿಗೆ ಓದಿ ಹೇಳಿದೆ. “ಅದಕ್ಕೆ ಪುಸ್ತಕ ಬೇರೆ ಬರೀಬೇಕಿತ್ತಾ?” ಅಂದಳು.

ನನ್ನನ್ನು ಈಗಲೂ ಕಾಡುವುದು ತೌಡಿನ ಹಾಸ್ಯವಲ್ಲ. ಆ ಹಾಸ್ಯ ನನಗೂ ಆಗಿತ್ತು. ಅವ್ವನನ್ನು ಕೇಳಿದರೆ, “ನಿಂಗೂ ಅಂದಿದ್ವಿ. ಏನಾಯ್ತು ಈಗ, ಮೇಷ್ಟ್ರಾಗ್ಲಿಲ್ವಾ?” ಅನ್ನುತ್ತಾರೆ. ಆದರೆ ಆಗ ಮನೆ ತುಂಬ ಮಕ್ಕಳು, ಎಲ್ಲರೂ ತೌಡಿಗೇ ಬಂದವರು. ಯಾರ ಅವ್ವನೂ ಬೆಳಗಿನ ಜಾವ ಹೇಳದೆ ಕೇಳದೆ ಮಾಯವಾಗುತ್ತಿರಲಿಲ್ಲ. ನಮ್ಮ ಮಗಳ ವಿಷಯದಲ್ಲಿ ಹಾಸ್ಯಕ್ಕೆ ಪುರಾವೆ ಒದಗಿಸಿದವನು ನಾನು. ಮಕ್ಕಳನ್ನು ಸಂತೆಯಲ್ಲಿ ತೌಡಿಗೆ ಕೊಡುತ್ತಾರೆ ಎಂದು ದೊಡ್ಡವರೆಲ್ಲ ಹೇಳಿದರು. ಅಪ್ಪಾಜಿ ಅಲ್ಲಗಳೆಯಲಿಲ್ಲ, ಬೆಲೆಯನ್ನೂ ಹೇಳಿದರು. ಹೊಸ ಮಗು ತರಲು ಅಮ್ಮ ನಿಜವಾಗಿಯೂ ಸಂತೆಗೆ ಹೋದಳು. ಆ ಕಡೆ ಹೋದ ನೀರು ಈ ಕಡೆ ಬರುವುದಿಲ್ಲ ಎಂದು ಕಲ್ಲಿನ ಹತ್ತಿರ ನಿಲ್ಲಿಸಿಯೂ ಹೇಳಲಾಗಿದೆ. ಇಷ್ಟು ಆಧಾರಗಳಿಂದ ಆ ಮಗು ತೆಗೆದ ತೀರ್ಮಾನದಲ್ಲಿ ಒಂದು ತಪ್ಪೂ ಇಲ್ಲ. ಪರೀಕ್ಷಕನಾಗಿ ನಾನು ಪೂರ್ತಿ ಅಂಕ ಕೊಡಬೇಕಾಗುತ್ತದೆ. ಅದೂ ಅಲ್ಲದೆ ಅವಳು ಅಳುತ್ತಾ ಕೂರಲಿಲ್ಲ. ಮನೆಗೆ ವಾಪಸ್ ಬರುವ ದಾರಿಗೆ ಲೋಟ ಲೋಟವಾಗಿ ಕೂಡಿಹಾಕುತ್ತಿದ್ದಳು.

ಗೌರಿಹಬ್ಬ ಕಳೆದ ಮೇಲೆ ಎಲ್ಲರೂ ಊರಿಗೆ ಬಂದರು. ಮಳೆ ಬಿಟ್ಟಿರಲಿಲ್ಲ. ಕೂಸಿನ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಒಣಗಿಸುವುದು. ಯಾವುದು ಒಣಗಿದೆ ಎಂದು ಕೆನ್ನೆಗೆ ಒತ್ತಿ ನೋಡಿ ಹೇಳುವ ಕೆಲಸವನ್ನು ಅವ್ವ ಮಗಳಿಗೆ ಕೊಟ್ಟರು. ಹಾಗಂತ ಎಲ್ಲ ಸರಿಹೋಯಿತು ಎಂದೇನಲ್ಲ. ಯಾರೂ ಇಲ್ಲದಾಗ ತಮ್ಮನನ್ನು ಚಿವುಟುತ್ತಾಳೆ, ಅವನು ಕಿರುಚಿದರೆ ತಾನೇ ಮೊದಲು ಓಡಿಬಂದು ಸುದ್ದಿ ಮುಟ್ಟಿಸುತ್ತಾಳೆ. ನಾನು ಟಿಪ್ಪಣಿ ಬರೆಯುವುದು ಬಿಟ್ಟಿದ್ದೇನೆ.

ಕೊಟ್ಟಿಗೆಯ ಅಕ್ಕನ ಮನೆಗೆ ಹೋದೆ. ಹೋಗಲು ತಡ ಮಾಡಿದೆ, ಅದನ್ನೂ ಹೇಳಬೇಕು. ಅವರ ಮಗ, ಸೊಸೆ ಇಬ್ಬರೂ ಇದ್ದರು. ಅವರೆಲ್ಲರ ಎದುರಿಗೇ ನಡೆದದ್ದು ಹೇಳಿ, ತಪ್ಪಾಯ್ತು ಅಕ್ಕ ಅಂದೆ. ಅವರು ಬೆಲ್ಲದ ಕಾಫಿ ಕೊಟ್ಟರು. “ಮಗೀನ ಕೆಲ್ಸ ಅಂತ ನಂಗೆ ಗೊತ್ತಿತ್ತು ಮೇಷ್ಟ್ರೆ. ಲೋಟದಲ್ಲಿ ತುಂಬ್ಕಂಡ್ ಹೋಗೋದ ನೋಡಿದ್ದೆ. ಹೇಳಿದ್ರೆ ಎಲ್ಲಿ ಮಗೀಗೆ ಹೊಡೀತೀರೋ ಅಂತ ಸುಮ್ನಾದೆ” ಅಂದರು.

ದಾರಿಯಲ್ಲಿ ಸಿಕ್ಕರೆ ಈಗಲೂ ಇಬ್ಬರು ಮಕ್ಕಳನ್ನೂ ವಿಚಾರಿಸುತ್ತಾರೆ. ಮಗಳನ್ನು ಕಂಡರೆ ಸೊಂಟದಿಂದ ಒಂದು ಚಾಕಲೇಟು ತೆಗೆದುಕೊಡುತ್ತಾರೆ. ಆದರೆ ನಮ್ಮ ಮನೆಗೆ ಕೆಲಸಕ್ಕೆ ಬರುವುದಿಲ್ಲ, ಕರೆಯುವ ಧೈರ್ಯ ನನಗೂ ಇಲ್ಲ. ಕೊಟ್ಟಿಗೆಯ ಸಗಣಿಯನ್ನು ದಿನಾ ಶಾಲೆಗೆ ಹೋಗುವ ಮುಂಚೆ ನಾನೇ ಬಾಚುತ್ತೇನೆ.